ಮನೆಯಲ್ಲೇ ಫೋಟೊ ಪ್ರಿಂಟ್: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಕ್‌ಜೆಟ್ ಫೋಟೊ ಪ್ರಿಂಟರ್ ಕೊಂಡವರು, ಕೊಳ್ಳಬೇಕು ಅಂದುಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕಂಪನಿಯ ಕೈಪಿಡಿ ನಮ್ಮ ಊರಿನ ಬಿಸಿಲು, ಮಳೆ, ಕರೆಂಟು, ಬೋರ್‌ವೆಲ್ ನೀರನ್ನು ನೋಡಿ ಬರೆದದ್ದಲ್ಲ. ಅದಕ್ಕೇ ಈ ಪುಟ.

ಸ್ಟುಡಿಯೋದಲ್ಲೇ ಕಡಿಮೆ ದುಡ್ಡಿಗೆ ಹಾಕಿಕೊಡುತ್ತಾರೆ. ಮನೆಗೆ ಪ್ರಿಂಟರ್ ಯಾಕೆ?

ವರ್ಷಕ್ಕೊಮ್ಮೆ ಪ್ರವಾಸದ ಇನ್ನೂರು ಫೋಟೊ ಒಟ್ಟಿಗೆ ಹಾಕಿಸುವವರಿಗೆ ಮನೆ ಪ್ರಿಂಟರ್ ಬೇಡ. ಮೈಸೂರಿನ ದೇವರಾಜ ಅರಸು ರಸ್ತೆಯ ಫೋಟೊ ಲ್ಯಾಬ್‌ಗೆ ಹೋಗಿ ಕೊಟ್ಟು ಬನ್ನಿ. ಒಟ್ಟಿಗೆ ಜಾಸ್ತಿ ಹಾಕಿಸುವಾಗ ಲ್ಯಾಬ್‌ನ ದರಕ್ಕೆ ಮನೆ ಪ್ರಿಂಟರ್ ಸಾಟಿಯಾಗುವುದು ಕಷ್ಟ.

ಮನೆ ಪ್ರಿಂಟರ್ ವಾರಕ್ಕೆ ಎರಡು ಮೂರು ಫೋಟೊ ಹಾಕುವವರಿಗೆ. ಮೊಮ್ಮಗನ ನಾಮಕರಣ ಆದ ಸಂಜೆಯೇ ಅಜ್ಜಿಯ ಕೈಗೆ ಫೋಟೊ ಕೊಡಬೇಕು ಅನ್ನುವವರಿಗೆ. ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದವರಿಗೆ ತಾಂಬೂಲದ ಜೊತೆ ಒಂದು ಪುಟ್ಟ ಫೋಟೊ ಕೊಡುವ ಆಸೆ ಇರುವವರಿಗೆ. ಮಕ್ಕಳ ಶಾಲೆಯ ಪ್ರಾಜೆಕ್ಟ್‌ಗೆ ರಾತ್ರಿ ಒಂಬತ್ತಕ್ಕೆ ಹೊಯ್ಸಳ ದೇವಸ್ಥಾನದ ಚಿತ್ರ ಬೇಕಾಗುವವರಿಗೆ. ಸ್ವಲ್ಪ ಸ್ವಲ್ಪವೇ, ಆದರೆ ಬಿಡದೆ ಹಾಕುವ ಮನೆಯಲ್ಲಿ ಪ್ರಿಂಟರ್ ಚೆನ್ನಾಗಿ ಬಾಳುತ್ತದೆ. ಸುಮ್ನೆ ಇಟ್ಟ ಮನೆಯಲ್ಲಿ ಕೆಡುತ್ತದೆ. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಇದರ ಸುತ್ತಲೇ ಇವೆ.

ಕಾರ್ಟ್ರಿಡ್ಜ್ ಪ್ರಿಂಟರ್ ಕೊಳ್ಳಬೇಕಾ, ಟ್ಯಾಂಕ್ ಇರುವುದಾ?

ಫೋಟೊಗೆ ಟ್ಯಾಂಕ್. ಕಾರ್ಟ್ರಿಡ್ಜ್ (ಇಂಕು ತುಂಬಿದ ಸಣ್ಣ ಡಬ್ಬಿ) ಹಾಕುವ ಪ್ರಿಂಟರ್ ಕೊಳ್ಳುವಾಗ ಅಗ್ಗ, ಆಮೇಲೆ ಪ್ರತಿ ಹನಿ ಇಂಕಿಗೂ ದುಬಾರಿ. ಫೋಟೊ ಅಂದರೆ ಹಾಳೆ ಪೂರ್ತಿ ಇಂಕು, ಅಕ್ಷರ ಪ್ರಿಂಟ್ ಮಾಡಿದ ಹಾಗಲ್ಲ. ಹೀಗಾಗಿ ಸಣ್ಣ ಕಾರ್ಟ್ರಿಡ್ಜ್ ನೋಡ ನೋಡುತ್ತಲೇ ಖಾಲಿ. ಟ್ಯಾಂಕ್ ಪ್ರಿಂಟರ್‌ಗೆ ಮೊದಲು ಜಾಸ್ತಿ ಕೊಡಬೇಕು, ಆದರೆ ಬಾಟಲಿ ಇಂಕು ತುಂಬಿಸಿಕೊಂಡು ಹೋಗಬಹುದು.

ನಾಲ್ಕು ಬಣ್ಣದ್ದು ಸಾಕಾ, ಆರು ಬಣ್ಣದ್ದು ಬೇಕಾ?

ಮನೆಯಲ್ಲಿ ಅಕ್ಷರವೇ ಜಾಸ್ತಿ, ಆಗೊಮ್ಮೆ ಈಗೊಮ್ಮೆ ಫೋಟೊ ಅಂದರೆ ನಾಲ್ಕು ಸಾಕು. ಫೋಟೊವೇ ಮುಖ್ಯ ಅಂದರೆ ಆರು. ವ್ಯತ್ಯಾಸ ಕಾಣುವುದು ಮುಖದ ಚರ್ಮದಲ್ಲಿ ಮತ್ತು ಆಕಾಶದಲ್ಲಿ. ತಿಳಿ ಬಣ್ಣ ಬರಬೇಕಾದ ಕಡೆ ನಾಲ್ಕು ಬಣ್ಣದ ಪ್ರಿಂಟರ್ ಗಾಢ ಇಂಕಿನ ಚುಕ್ಕೆಗಳನ್ನು ದೂರ ದೂರ ಇಡುತ್ತದೆ. ಹತ್ತಿರದಿಂದ ನೋಡಿದರೆ ಮರಳು ಚೆಲ್ಲಿದ ಹಾಗೆ ಕಾಣುತ್ತದೆ. ಎಪ್ಸನ್ ಎಲ್805 ತರಹದ ಆರು ಬಣ್ಣದ ಪ್ರಿಂಟರ್‌ನಲ್ಲಿ ತಿಳಿ ನೀಲಿ, ತಿಳಿ ಮಜೆಂಟಾ (ನೇರಳೆ ಛಾಯೆಯ ಕೆಂಪು) ಇಂಕು ಬೇರೆಯಾಗಿಯೇ ಇರುತ್ತವೆ, ಅದಕ್ಕೆ ಕೆನ್ನೆಯ ಬಣ್ಣ ನಯವಾಗಿ ಬರುತ್ತದೆ. ಕ್ಯಾನನ್ ಜಿ570 ಬೇರೆ ದಾರಿ ಹಿಡಿದಿದೆ, ಅದರಲ್ಲಿ ಕೆಂಪು ಮತ್ತು ಬೂದು ಇಂಕು ಸೇರಿಸಿದ್ದಾರೆ. ಕಪ್ಪು ಬಿಳುಪು ಫೋಟೊ ಜಾಸ್ತಿ ಹಾಕುವವರಿಗೆ ಆ ಬೂದು ತುಂಬಾ ಉಪಯೋಗ.

ಡೈ ಇಂಕು, ಪಿಗ್ಮೆಂಟ್ ಇಂಕು ಅಂದರೇನು?

ಡೈ ಇಂಕಿನಲ್ಲಿ ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಕಾಗದದ ಲೇಪದೊಳಗೆ ಇಳಿಯುತ್ತದೆ. ಹೊಳೆಯುವ ಕಾಗದದ ಮೇಲೆ ಬಣ್ಣ ಎದ್ದು ಕಾಣುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣದ ಅತಿ ಸಣ್ಣ ಕಣಗಳು ತೇಲುತ್ತಿರುತ್ತವೆ, ಅವು ಕಾಗದದ ಮೇಲ್ಭಾಗದಲ್ಲೇ ಕೂರುತ್ತವೆ. ನೀರು ಬಿದ್ದರೆ ಬೇಗ ಹರಡುವುದಿಲ್ಲ, ಬೆಳಕಿಗೂ ಜಾಸ್ತಿ ವರ್ಷ ತಡೆಯುತ್ತದೆ.

ಇಲ್ಲಿ ಅನೇಕರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ನಾಲ್ಕು ಬಣ್ಣದ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಹಲವಕ್ಕೆ ಮೂರು ಬಣ್ಣ ಡೈ, ಕಪ್ಪು ಮಾತ್ರ ಪಿಗ್ಮೆಂಟ್. ಆ ಕಪ್ಪು ಅಕ್ಷರಕ್ಕೆ ಮಾಡಿದ್ದು, ಹೊಳೆಯುವ ಕಾಗದಕ್ಕೆ ಅಂಟುವುದಿಲ್ಲ. ಹಾಗಾಗಿ ಗ್ಲಾಸಿ ಕಾಗದದಲ್ಲಿ ಪ್ರಿಂಟರ್ ಕಪ್ಪನ್ನು ಬಿಟ್ಟು ಉಳಿದ ಮೂರನ್ನೇ ಬೆರೆಸಿ ಕಪ್ಪು ಮಾಡುತ್ತದೆ. ತಾತನ ಕಪ್ಪು ಬಿಳುಪು ಫೋಟೊ ಸ್ವಲ್ಪ ಹಸಿರಾಗಿಯೋ ಕೆಂಪಾಗಿಯೋ ಬಂದರೆ ಕಾರಣ ಇದೇ. ಪ್ರಿಂಟರ್ ಕೆಟ್ಟಿಲ್ಲ.

ಅಂಗಡಿಯಲ್ಲಿ ಸಿಗುವ ಅಗ್ಗದ ಇಂಕು ಹಾಕಬಹುದಾ?

ನಾನು ಹಾಕುವುದಿಲ್ಲ. ಪ್ರಿಂಟರ್ ಕೆಟ್ಟೇ ಕೆಡುತ್ತದೆ ಅಂತ ಹೇಳುತ್ತಿಲ್ಲ, ಒಳ್ಳೆಯ ಹೊರಗಿನ ಇಂಕು ಕೂಡ ಇವೆ. ಆದರೆ ಪ್ರಿಂಟರ್‌ನ ಬಣ್ಣದ ಲೆಕ್ಕವೆಲ್ಲ ಕಂಪನಿಯ ಇಂಕಿಗೆ ಹೊಂದಿಸಿದ್ದು. ಇಂಕು ಬದಲಾದರೆ ಬಣ್ಣ ಬದಲಾಗುತ್ತದೆ. ಬಣ್ಣ ಬೇಗ ಮಾಸುವ ಅಪಾಯವೂ ಜಾಸ್ತಿ. ಎಲ್805ಕ್ಕೆ ಬರುವ 70 ಮಿಲಿ ಬಾಟಲಿ ಮನೆ ಬಳಕೆಗೆ ತಿಂಗಳುಗಟ್ಟಲೆ ಬರುತ್ತದೆ. ಅದರಲ್ಲಿ ಉಳಿಸುವ ದುಡ್ಡಿಗಿಂತ ಹೆಡ್ (ಕಾಗದದ ಮೇಲೆ ಇಂಕು ಚಿಮ್ಮುವ ಭಾಗ) ಬದಲಿಸುವ ಖರ್ಚು ಎಷ್ಟೋ ದೊಡ್ಡದು. ಹಾಕಲೇಬೇಕು ಅಂದರೆ ಡೈ ಇದ್ದ ಟ್ಯಾಂಕ್‌ಗೆ ಪಿಗ್ಮೆಂಟ್, ಪಿಗ್ಮೆಂಟ್ ಇದ್ದ ಟ್ಯಾಂಕ್‌ಗೆ ಡೈ ಯಾವತ್ತೂ ಸುರಿಯಬೇಡಿ.

ಯಾವ ಪೇಪರ್ ತೆಗೆದುಕೊಳ್ಳಲಿ? 180 ಜಿಎಸ್‌ಎಂ, 270 ಜಿಎಸ್‌ಎಂ ಅಂತೆಲ್ಲ ಇದೆ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ತೂಕ ಜಾಸ್ತಿ ಇದ್ದರೆ ಕೈಗೆ ಗಟ್ಟಿ ಅನಿಸುತ್ತದೆ, ಅಷ್ಟೇ. ಫೋಟೊದ ಗುಣ ತೀರ್ಮಾನ ಮಾಡುವುದು ಮೇಲಿನ ಲೇಪ. ಅಗ್ಗದ ಗ್ಲಾಸಿ ಕಾಗದಗಳಲ್ಲಿ ಸಾದಾ ಕಾಗದದ ಮೇಲೆ ಹೊಳಪಿನ ಲೇಪ ಹಾಕಿರುತ್ತಾರೆ. ಇಂಕು ಜಾಸ್ತಿಯಾದರೆ ಹಿಂದಿನ ಕಾಗದ ನೆನೆದು ಅಲೆ ಅಲೆಯಾಗುತ್ತದೆ. ಆರ್‌ಸಿ ಅಂತ ಬರೆದಿರುವ ಕಾಗದದಲ್ಲಿ ಎರಡೂ ಕಡೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಅದು ಲ್ಯಾಬ್ ಫೋಟೊದ ಹಾಗೇ ಚಪ್ಪಟೆಯಾಗಿ ಉಳಿಯುತ್ತದೆ. ಪ್ರಾಜೆಕ್ಟ್‌ಗೆ ಅಗ್ಗದ್ದು, ಆಲ್ಬಂಗೆ ಆರ್‌ಸಿ. ನಿಮ್ಮ ಪ್ರಿಂಟರ್ ಎಷ್ಟು ದಪ್ಪದ ಕಾಗದ ಎಳೆಯುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಮುಂದಿನಿಂದ ಕಾಗದ ತೆಗೆದುಕೊಂಡು ಒಳಗೆ ಸುತ್ತು ಹಾಕಿಸುವ ಪ್ರಿಂಟರ್‌ಗಳಲ್ಲಿ ದಪ್ಪ ಕಾಗದ ಸಿಕ್ಕಿಹಾಕಿಕೊಳ್ಳಬಹುದು.

ಲೇಸರ್ ಪ್ರಿಂಟರ್‌ನ ಗ್ಲಾಸಿ ಕಾಗದ ಇಂಕ್‌ಜೆಟ್‌ಗೆ ಆಗುವುದಿಲ್ಲ. ಇಂಕು ಒಣಗುವುದೇ ಇಲ್ಲ.

ಮೊಬೈಲ್‌ನಲ್ಲಿ ಎಷ್ಟು ಚೆನ್ನಾಗಿದೆ, ಪ್ರಿಂಟ್ ಮಾತ್ರ ಮಬ್ಬು. ಯಾಕೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ಮೊದಲು ನೋಡಬೇಕಾದದ್ದು ಸೆಟ್ಟಿಂಗ್. ಪ್ರಿಂಟ್ ಕೊಡುವಾಗ ಕಾಗದದ ಬಗೆ ಪ್ಲೇನ್ ಪೇಪರ್ ಅಂತ ಇದ್ದರೆ, ಪ್ರಿಂಟರ್ ಸಾದಾ ಹಾಳೆಗೆ ತಕ್ಕ ಹಾಗೆ ಇಂಕು ಚಿಮ್ಮುತ್ತದೆ. ಗ್ಲಾಸಿ ಕಾಗದದಲ್ಲಿ ಅದು ಪೇಲವವಾಗಿ ಬರುತ್ತದೆ, ಕೆಲವೊಮ್ಮೆ ಕಪ್ಪು ಕೈಗೇ ಅಂಟುತ್ತದೆ. ಮೊಬೈಲ್‌ನಿಂದ ಪ್ರಿಂಟ್ ಕೊಡುವವರಲ್ಲಿ ಹೆಚ್ಚಿನವರು ಆ ಆಯ್ಕೆ ಇರುವ ಪುಟಕ್ಕೇ ಹೋಗುವುದಿಲ್ಲ. ಹೋಗಿ. ಕಾಗದದ ಬಗೆ ಸರಿ ಮಾಡಿ, ಗುಣಮಟ್ಟ ಹೈ ಅಂತ ಇಡಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಉಳಿದದ್ದು ಬೆಳಕಿನ ಕಥೆ. ಪರದೆ ತಾನೇ ಬೆಳಗುತ್ತದೆ. ಕಾಗದ ಕೋಣೆಯ ಬೆಳಕನ್ನು ಮಾತ್ರ ಹಿಂದಕ್ಕೆ ಕೊಡುತ್ತದೆ. ಮೊಬೈಲ್‌ನ ಬ್ರೈಟ್‌ನೆಸ್ ಅರ್ಧಕ್ಕಿಂತ ಕಡಿಮೆ ಮಾಡಿ ಅದೇ ಫೋಟೊ ನೋಡಿ, ಪ್ರಿಂಟ್ ಹೇಗೆ ಬರುತ್ತದೆ ಅನ್ನುವ ಅಂದಾಜು ಸಿಗುತ್ತದೆ. ಕತ್ತಲು ಅನಿಸಿದರೆ ಎಡಿಟ್‌ನಲ್ಲಿ ನೆರಳಿನ ಭಾಗವನ್ನು ಸ್ವಲ್ಪ ಎತ್ತಿ.

ನಮ್ಮ ಊರಿನವರೆಲ್ಲ ಒಮ್ಮೆಯಾದರೂ ಹಾಕುವ ಫೋಟೊ ಅಂದರೆ ದೀಪ ಹಾಕಿದ ಅರಮನೆ, ಅಲ್ವಾ? ಭಾನುವಾರ ಸಂಜೆ ಲಕ್ಷದ ಹತ್ತಿರ ಬಲ್ಬು ಹತ್ತಿಕೊಂಡಾಗ ತೆಗೆದದ್ದು. ಪ್ರಿಂಟರ್‌ಗೆ ಇದಕ್ಕಿಂತ ಕಷ್ಟದ ಚಿತ್ರ ಸಿಗಲಾರದು. ಆ ಹೊಂಬಣ್ಣ ಪರದೆಯಲ್ಲಿ ಉರಿಯುವಷ್ಟು ಕಾಗದದಲ್ಲಿ ಉರಿಯಲಾರದು. ಬಲ್ಬಿನ ಸಾಲುಗಳು ಒಂದರೊಳಗೊಂದು ಸೇರಿ ಹಳದಿ ಗೋಡೆಯಾಗುತ್ತವೆ, ಆಕಾಶ ಕೆಸರು ಬಣ್ಣಕ್ಕೆ ತಿರುಗುತ್ತದೆ. ಹೀಗೆ ಮಾಡಿ. ಎಡಿಟ್‌ನಲ್ಲಿ ಹೈಲೈಟ್ಸ್ (ತುಂಬಾ ಬೆಳಗಿದ ಭಾಗ) ಇಳಿಸಿ, ಬಲ್ಬುಗಳು ಬಿಡಿ ಬಿಡಿಯಾಗಿ ಕಾಣುವವರೆಗೆ. ಬಣ್ಣದ ಗಾಢತೆಯನ್ನೂ ಒಂಚೂರು ಇಳಿಸಿ. ಆಕಾಶವನ್ನು ಕಪ್ಪಾಗಲು ಬಿಡಿ, ಎತ್ತಲು ಹೋಗಬೇಡಿ. ಹೊಳಪಿಲ್ಲದ ಮ್ಯಾಟ್ ಕಾಗದ ಬೇಡ, ಗ್ಲಾಸಿ ಕಾಗದವೇ ಇರಲಿ, ಆಳವಾದ ಕಪ್ಪು ಅದರಲ್ಲೇ ಬರುವುದು. ಮುಸ್ಸಂಜೆಯಲ್ಲಿ, ಆಕಾಶದಲ್ಲಿ ಇನ್ನೂ ನೀಲಿ ಇರುವಾಗ ತೆಗೆದ ಫೋಟೊ ಆದರೆ ಇನ್ನೂ ಒಳ್ಳೆಯದು. ಇಂಕೂ ಕಡಿಮೆ ಕುಡಿಯುತ್ತದೆ, ಗೋಪುರದ ಅಂಚೂ ಕಾಣುತ್ತದೆ.

ಮಂಡ್ಯದ ಗದ್ದೆಯ ಹಸಿರಿಗೂ ಇದೇ ಮಾತು. ಮೊಬೈಲ್ ಕ್ಯಾಮೆರಾಗಳು ಭತ್ತದ ಪೈರನ್ನು ಇರುವುದಕ್ಕಿಂತ ಜಾಸ್ತಿ ಹಸಿರು ಮಾಡುತ್ತವೆ. ಪ್ರಿಂಟ್‌ನಲ್ಲಿ ಅದು ಪ್ಲಾಸ್ಟಿಕ್ ಹುಲ್ಲಾಗುತ್ತದೆ. ಹಸಿರನ್ನು ಇಳಿಸಿದರೆ ನಾಲೆ ಪಕ್ಕದ ನಿಜವಾದ ಗದ್ದೆ ಸಿಗುತ್ತದೆ. ರಂಗನತಿಟ್ಟಿನ ಬೆಳ್ಳಗಿನ ಹಕ್ಕಿಗಳಿಗೆ ಬೇರೆ ಎಚ್ಚರ ಬೇಕು. ಮನೆಯ ಪ್ರಿಂಟರ್‌ನಲ್ಲಿ ಬಿಳಿ ಇಂಕು ಇಲ್ಲ, ಬಿಳಿ ಅಂದರೆ ಖಾಲಿ ಕಾಗದ. ರೆಕ್ಕೆಯ ಗೆರೆಗಳು ಜಾಸ್ತಿ ಬೆಳಕಿಗೆ ಫೋಟೊದಲ್ಲೇ ಅಳಿಸಿಹೋಗಿದ್ದರೆ ಪ್ರಿಂಟ್‌ನಲ್ಲಿ ಹಕ್ಕಿಯ ಆಕಾರದ ಒಂದು ತೂತು ಕಾಣುತ್ತದೆ.

ಪ್ರಿಂಟ್‌ನಲ್ಲಿ ತಲೆ, ಕಾಲು ಕತ್ತರಿಸಿ ಹೋಗುತ್ತಿದೆ.

ಹೆಚ್ಚಿನ ಮೊಬೈಲ್‌ಗಳು 4:3 ಅಳತೆಯಲ್ಲಿ ಫೋಟೊ ತೆಗೆಯುತ್ತವೆ. 4×6 ಇಂಚಿನ ಕಾಗದ 3:2. ಎರಡೂ ಹೊಂದುವುದಿಲ್ಲ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಪ್ರಿಂಟರ್‌ಗೆ ಬಿಟ್ಟರೆ ಅದು ಎರಡು ಬದಿಯಿಂದಲೂ ಸಮವಾಗಿ ಕತ್ತರಿಸುತ್ತದೆ. ಮೊದಲೇ ನೀವೇ 3:2ಗೆ ಕ್ರಾಪ್ ಮಾಡಿ. ಅಂಚಿಲ್ಲದ ಪ್ರಿಂಟ್ ಕೊಟ್ಟಾಗ ಚಿತ್ರವನ್ನು ಇನ್ನೂ ಸ್ವಲ್ಪ ಹಿಗ್ಗಿಸುತ್ತದೆ, ಆದ್ದರಿಂದ ತಲೆಯ ಮೇಲೆ ಜಾಗ ಇಟ್ಟುಕೊಳ್ಳಿ.

ವಾಟ್ಸಾಪ್‌ನಲ್ಲಿ ಬಂದ ಫೋಟೊ ದೊಡ್ಡದಾಗಿ ಹಾಕಬಹುದಾ?

ಚೆನ್ನಾದ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಅನ್ನುವುದು ರೂಢಿಯ ಲೆಕ್ಕ. 4×6ಕ್ಕೆ 1200×1800 ಸಾಕು, ಎ4ಗೆ ಸುಮಾರು 2480×3508 ಬೇಕು. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. 1600×1200ಕ್ಕೆ ಇಳಿದ ಫೋಟೊ 4×6ರಲ್ಲಿ ಚೆನ್ನಾಗಿಯೇ ಬರುತ್ತದೆ, ಎ4ರಲ್ಲಿ ಮಸುಕಾಗುತ್ತದೆ. ಕಳಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ, ಆಗ ಕುಗ್ಗುವುದಿಲ್ಲ.

ಪಾಸ್‌ಪೋರ್ಟ್ ಸೈಜ್ ಫೋಟೊ ಮನೆಯಲ್ಲೇ ಹಾಕಿಕೊಳ್ಳಬಹುದಾ?

ಹಾಕಿಕೊಳ್ಳಬಹುದು. ಪ್ರಿಂಟರ್ ಇರುವ ಮನೆಗೆ ಇದೊಂದು ದೊಡ್ಡ ಅನುಕೂಲ. ನಮ್ಮಲ್ಲಿ ಹೆಚ್ಚಿನ ಅರ್ಜಿಗಳಿಗೆ 35×45 ಮಿಲಿಮೀಟರ್ ಬೇಕು. ಒಂದು 4×6 ಹಾಳೆಯಲ್ಲಿ ಅಂಥ ಎಂಟು ಕೂರುತ್ತವೆ. ಅಮೆರಿಕದ ವೀಸಾಗೆ 2×2 ಇಂಚು. ಬಿಳಿ ಗೋಡೆಗೆ ಒಂದು ಹೆಜ್ಜೆ ಮುಂದೆ ನಿಲ್ಲಿಸಿ, ಕಿಟಕಿಯ ಕಡೆ ಮುಖ ಮಾಡಿಸಿ ತೆಗೆದರೆ ನೆರಳು ಬೀಳುವುದಿಲ್ಲ. ಪ್ರಿಂಟ್ ಕೊಡುವಾಗ ಫಿಟ್ ಟು ಪೇಜ್ ತೆಗೆದು ನೂರಕ್ಕೆ ನೂರು ಅಳತೆಯಲ್ಲಿ ಕೊಡಿ. ಕತ್ತರಿಸುವ ಮೊದಲು ಸ್ಕೇಲ್ ಇಟ್ಟು ನೋಡಿ.

ಅಡ್ಡ ಗೆರೆಗಳು ಬರುತ್ತಿವೆ, ಒಂದು ಬಣ್ಣವೇ ಬರುತ್ತಿಲ್ಲ. ಏನು ಮಾಡಲಿ?

ಹೆಡ್‌ನಲ್ಲಿ ಕೂದಲೆಳೆಗಿಂತ ಸಣ್ಣ ನೂರಾರು ರಂಧ್ರಗಳಿರುತ್ತವೆ. ಕ್ಯಾನನ್, ಎಚ್‌ಪಿಯಲ್ಲಿ ಇಂಕನ್ನು ಕ್ಷಣಮಾತ್ರ ಕಾಯಿಸಿ, ಗುಳ್ಳೆ ಎಬ್ಬಿಸಿ ಹನಿಯನ್ನು ತಳ್ಳುತ್ತಾರೆ. ಎಪ್ಸನ್‌ನಲ್ಲಿ ಕರೆಂಟು ಕೊಟ್ಟಾಗ ಬಾಗುವ ಹರಳಿನಿಂದ ಹಿಂಡುತ್ತಾರೆ. ದಾರಿ ಯಾವುದೇ ಇರಲಿ, ರಂಧ್ರದಲ್ಲಿ ಇಂಕು ಒಣಗಿದರೆ ಗೆರೆ ಬರುತ್ತದೆ.

ಮೊದಲು ನಾಜಲ್ ಚೆಕ್ ಕೊಡಿ, ಅಂದರೆ ರಂಧ್ರಗಳೆಲ್ಲ ಸರಿಯಾಗಿವೆಯಾ ಅಂತ ತೋರಿಸುವ ಗೆರೆಗಳ ಪರೀಕ್ಷೆ ಪ್ರಿಂಟ್. ಅದಕ್ಕೆ ಖರ್ಚಾಗುವುದು ಚಿಟಿಕೆ ಇಂಕು, ಸಾದಾ ಹಾಳೆ ಸಾಕು. ಗೆರೆಗಳು ತುಂಡಾಗಿದ್ದರೆ ಹೆಡ್ ಕ್ಲೀನಿಂಗ್ ಒಂದು ಸಲ, ಮತ್ತೆ ಚೆಕ್. ಎರಡು ಮೂರು ಸಲಕ್ಕೂ ಸರಿಹೋಗದಿದ್ದರೆ ನಿಲ್ಲಿಸಿ. ಮತ್ತೆ ಮತ್ತೆ ಕ್ಲೀನಿಂಗ್ ಒತ್ತಿದರೆ ಇಂಕು ಸುಮ್ನೆ ಹರಿದು ಹೋಗುತ್ತದೆ, ಕೆಲವೊಮ್ಮೆ ಗಾಳಿ ಸೇರಿ ಇನ್ನೂ ಕೆಡುತ್ತದೆ. ಆಫ್ ಮಾಡಿ ಒಂದು ರಾತ್ರಿ ಬಿಡಿ. ಒಣಗಿದ್ದು ನೆನೆದು ಸಡಿಲ ಆಗುತ್ತದೆ, ಗುಳ್ಳೆ ಮೇಲೇರುತ್ತದೆ. ಬೆಳಿಗ್ಗೆ ಮತ್ತೆ ಒಂದು ಚೆಕ್. ಇಷ್ಟು ತಾಳ್ಮೆಯಿಂದಲೇ ಸರಿಹೋಗುವ ಪ್ರಿಂಟರ್‌ಗಳು ಬಹಳ.

ಸಿರಿಂಜ್‌ನಲ್ಲಿ ನೀರು ಬಿಡುವ ವಿಡಿಯೊ ನೋಡಿ ನಲ್ಲಿ ನೀರು ಹಾಕಬೇಡಿ. ಮಂಡ್ಯ ಕಡೆಯ ಬೋರ್‌ವೆಲ್ ನೀರು ಗಡಸು, ಬಕೆಟ್‌ನಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೀವೇ ನೋಡಿದ್ದೀರಿ. ಅದೇ ಉಪ್ಪು ರಂಧ್ರದಲ್ಲಿ ಕೂತರೆ ಹೆಡ್ ಮುಗಿಯಿತು. ಕ್ಯಾನನ್, ಎಚ್‌ಪಿಯ ಹಲವು ಮಾದರಿಗಳಲ್ಲಿ ಹೆಡ್ ಬಿಚ್ಚಿ ಹೊಸದು ಹಾಕಬಹುದು. ಎಪ್ಸನ್‌ನಲ್ಲಿ ಅದು ಸರ್ವಿಸ್‌ನವರ ಕೆಲಸ, ದುಬಾರಿ ಕೂಡ.

ಇದೆಲ್ಲ ಬರದಂತೆ ಮಾಡುವ ದಾರಿ ಒಂದೇ. ವಾರಕ್ಕೊಂದು ಬಣ್ಣದ ಫೋಟೊ ಹಾಕಿ. ಎಲ್ಲ ಬಣ್ಣವೂ ಇರುವ ಫೋಟೊ ಆಗಬೇಕು, ಕಪ್ಪಕ್ಷರದ ಪುಟ ಹಾಕಿದರೆ ಉಳಿದ ರಂಧ್ರಗಳು ಒಣಗುತ್ತಲೇ ಇರುತ್ತವೆ. ಖರ್ಚು ಅಂತ ನೋಡಬೇಡಿ, ಒಂದು ಫೋಟೊ ಮನೆಗೆ ಬಂತು ಅಂದುಕೊಳ್ಳಿ.

ಸ್ವಿಚ್ ಬೋರ್ಡ್‌ನಲ್ಲೇ ಆಫ್ ಮಾಡುತ್ತೇವೆ. ತೊಂದರೆ ಇದೆಯಾ?

ಇದೆ. ಪ್ರಿಂಟರ್‌ನ ಗುಂಡಿ ಒತ್ತಿ ಆಫ್ ಮಾಡಿದಾಗ ಹೆಡ್ ಬಲಗಡೆ ಅಥವಾ ಎಡಗಡೆಯ ತನ್ನ ಜಾಗಕ್ಕೆ ಹೋಗಿ, ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಗಾಳಿ ತಾಗುವುದಿಲ್ಲ. ಮಧ್ಯೆ ಕರೆಂಟು ಕಿತ್ತರೆ ಹೆಡ್ ಬಾಯಿ ತೆರೆದುಕೊಂಡೇ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ 35 ಡಿಗ್ರಿ ಹತ್ತಿರ ಹೋಗುವ ಒಣ ಬಿಸಿಲಿಗೆ ಎರಡೇ ದಿನದಲ್ಲಿ ಅಂಟು ಹಿಡಿಯಬಹುದು. ಮೊದಲು ಗುಂಡಿ, ದೀಪ ಆರಿದ ಮೇಲೆ ಸ್ವಿಚ್.

ಪ್ರಿಂಟ್ ನಡುವೆ ಚೆಸ್ಕಾಂ ಕರೆಂಟು ಹೋದರೆ, ಬಂದ ಕೂಡಲೇ ಒಮ್ಮೆ ಆನ್ ಮಾಡಿ ಸರಿಯಾಗಿ ಆಫ್ ಮಾಡಿ. ಇಂಕ್‌ಜೆಟ್ ಎಳೆಯುವ ಕರೆಂಟು ಬಹಳ ಕಡಿಮೆ. ಲೇಸರ್ ಪ್ರಿಂಟರ್‌ನ ಹಾಗೆ ಯುಪಿಎಸ್ ಮೇಲೆ ಭಾರ ಹಾಕುವುದಿಲ್ಲ, ಧೈರ್ಯವಾಗಿ ಸೇರಿಸಿ.

ಬೇಸಿಗೆ ರಜೆಗೆ ತಿಂಗಳುಗಟ್ಟಲೆ ಊರಿಗೆ ಹೋಗುತ್ತೇವೆ.

ಹೊರಡುವ ದಿನ ಒಂದು ಫೋಟೊ ಹಾಕಿ, ಗುಂಡಿಯಲ್ಲಿ ಆಫ್ ಮಾಡಿ, ಬಿಸಿಲು ಬೀಳದ ಕೋಣೆಯಲ್ಲಿ ಬಟ್ಟೆ ಮುಚ್ಚಿ ಇಡಿ. ಟ್ಯಾಂಕ್ ಪೂರ್ತಿ ಖಾಲಿ ಬಿಟ್ಟು ಹೋಗಬೇಡಿ.

ಮಳೆಗಾಲದಲ್ಲಿ ಕಾಗದ ಸುರುಳಿಯಾಗುತ್ತದೆ, ಎರಡು ಮೂರು ಒಟ್ಟಿಗೆ ಹೋಗುತ್ತವೆ.

ಕಾಗದ ತೇವ ಕುಡಿದಿದೆ. ಬಿಚ್ಚಿದ ಪ್ಯಾಕೆಟ್ಟನ್ನು ಜಿಪ್ ಕವರ್‌ಗೆ ಹಾಕಿ, ಅಡ್ಡ ಮಲಗಿಸಿ ಇಡಿ. ಪ್ರಿಂಟರ್‌ನ ಟ್ರೇನಲ್ಲಿ ರಾತ್ರಿಯೆಲ್ಲ ಬಿಡಬೇಡಿ. ಪ್ರಿಂಟ್ ಆದ ಫೋಟೊ ಮುಟ್ಟಿದರೆ ಒಣಗಿದ ಹಾಗೆ ಅನಿಸುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ. ಒಂದು ದಿನ ಬಿಡಿ ಬಿಡಿಯಾಗಿ ಹರಡಿಟ್ಟು ಆಮೇಲೆ ಆಲ್ಬಂಗೋ ಫ್ರೇಮಿಗೋ ಹಾಕಿ. ಮಳೆ ದಿನವಾದರೆ ಇನ್ನೊಂದು ದಿನ ಜಾಸ್ತಿ.

ವೇಸ್ಟ್ ಇಂಕ್ ಪ್ಯಾಡ್ ತುಂಬಿದೆ ಅಂತ ಪ್ರಿಂಟರ್ ನಿಂತುಬಿಟ್ಟಿದೆ.

ಕ್ಲೀನಿಂಗ್ ಮಾಡಿದ ಇಂಕು, ಅಂಚಿಲ್ಲದ ಪ್ರಿಂಟ್‌ನಲ್ಲಿ ಹೊರಗೆ ಬಿದ್ದ ಇಂಕು ತಳದ ಸ್ಪಂಜಿಗೆ ಹೋಗುತ್ತದೆ. ಅದರ ಲೆಕ್ಕ ಮೀರಿದಾಗ ಪ್ರಿಂಟರ್ ತಾನೇ ನಿಲ್ಲುತ್ತದೆ. ಲೆಕ್ಕವನ್ನು ಮಾತ್ರ ಸೊನ್ನೆ ಮಾಡಿಕೊಡುವ ಸಾಫ್ಟ್‌ವೇರ್ ಬಳಸಿ ಸ್ಪಂಜು ಬದಲಿಸದೇ ಬಿಟ್ಟರೆ ಒಂದು ದಿನ ಮೇಜಿನ ಮೇಲೆ ಇಂಕು ಹರಿಯುತ್ತದೆ. ಎರಡೂ ಒಟ್ಟಿಗೆ ಮಾಡಿಸಿ. ಕೊಳ್ಳುವಾಗಲೇ ನಾವೇ ಬದಲಿಸಬಹುದಾದ ಮೇಂಟೆನೆನ್ಸ್ ಬಾಕ್ಸ್ (ಈ ವೇಸ್ಟ್ ಇಂಕು ಹಿಡಿಯುವ ಡಬ್ಬಿ) ಇರುವ ಮಾದರಿ ನೋಡಿದರೆ ಈ ತಲೆನೋವೇ ಇಲ್ಲ.

ಮನೆಯಲ್ಲಿ ಹಾಕಿದ ಫೋಟೊ ಎಷ್ಟು ವರ್ಷ ಇರುತ್ತದೆ?

ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ. ಆಲ್ಬಂನೊಳಗೆ, ಕತ್ತಲಲ್ಲಿ, ಒಣ ಕಪಾಟಿನಲ್ಲಿ ಹಲವು ದಶಕ. ಪಡಸಾಲೆಯಲ್ಲಿ ಬಿಸಿಲು ಬೀಳುವ ಗೋಡೆಯ ಮೇಲೆ ಗಾಜೂ ಇಲ್ಲದೆ ಅಂಟಿಸಿದರೆ ಡೈ ಪ್ರಿಂಟ್ ಒಂದೆರಡು ವರ್ಷಕ್ಕೇ ಮಾಸಬಹುದು.

ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯದು. 1962ರಿಂದ ದೇಶಕ್ಕೆಲ್ಲ ಇಲ್ಲಿಂದಲೇ ಹೋಗುತ್ತಿದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್ ಅನ್ನುವ ಬೆಳ್ಳಿಯ ಲವಣ, ಬೆಳಕು ತಾಗಿದಷ್ಟೂ ಕಪ್ಪಾಗುತ್ತದೆ. ಹಳೆಯ ಕಪ್ಪು ಬಿಳುಪು ಫೋಟೊಗಳ ಕಪ್ಪು ಕೂಡ ಬೆಳ್ಳಿಯದೇ. ಅಜ್ಜನ ಮದುವೆ ಫೋಟೊ ಇವತ್ತಿಗೂ ನಿಚ್ಚಳವಾಗಿ ಕಾಣುವುದು ಅದಕ್ಕೇ. ನಮ್ಮ ಪ್ರಿಂಟರ್‌ನ ಡೈ ಇಂಕಿಗೆ ಬೆಳಕು ಶತ್ರು.

ಗೋಡೆಗೆ ಹಾಕುವುದಾದರೆ ಗಾಜಿನ ಫ್ರೇಮ್ ಹಾಕಿಸಿ. ಗಾಜಿಗೂ ಫೋಟೊಗೂ ನಡುವೆ ರಟ್ಟಿನ ಅಂಚು ಇರಲಿ, ತಾಗಿಕೊಂಡಿದ್ದರೆ ಮಳೆಗಾಲದಲ್ಲಿ ಅಂಟಿ ಹಿಡಿಯುತ್ತದೆ. ತೀರಿಕೊಂಡ ಹಿರಿಯರ ಫೋಟೊಗೆ ದಿನಾ ಹಾರ ಹಾಕುವ ಮನೆಗಳಲ್ಲಿ ಇನ್ನೂ ಒಂದು ಎಚ್ಚರ ಬೇಕು. ನೀರು ಚಿಮುಕಿಸಿದ ಮಲ್ಲಿಗೆ ಹಾರದಿಂದ ಹನಿ ಫ್ರೇಮಿನ ಸಂದಿಗೆ ಇಳಿದರೆ ಡೈ ಇಂಕು ಹರಿದುಬಿಡುತ್ತದೆ, ಮುಖವೇ ಅಳಿಸಿ ಹೋಗಬಹುದು. ಅಂಥ ಫೋಟೊ ಪಿಗ್ಮೆಂಟ್ ಇಂಕಿನಲ್ಲಿ ಹಾಕಿಸಿ, ಇಲ್ಲವೇ ಲ್ಯಾಬ್‌ನಲ್ಲಿ. ಇದರಲ್ಲಿ ಮನೆ ಪ್ರಿಂಟರ್‌ಗೆ ಹಟ ಹಿಡಿಯಬೇಡಿ. ಯಾವುದೇ ಆಗಲಿ, ಫೈಲ್ ಎರಡು ಕಡೆ ಉಳಿಸಿಕೊಳ್ಳಿ.

ಹಳೇ ಫೋಟೊಗಳನ್ನು ಸ್ಕ್ಯಾನ್ ಮಾಡಿ ಹೊಸದಾಗಿ ಹಾಕಬೇಕು. ಹೇಗೆ?

ಪ್ರಿಂಟರ್ ಜೊತೆ ಸ್ಕ್ಯಾನರ್ ಇದ್ದರೆ ಇದೇ ಅದರ ಅತಿ ದೊಡ್ಡ ಉಪಯೋಗ ಅಂತ ನನ್ನ ಅಭಿಪ್ರಾಯ. ಸಣ್ಣ ಫೋಟೊಗಳಿಗೆ 600 ಡಿಪಿಐ (ಇಂಚಿಗೆ 600 ಚುಕ್ಕೆ) ಇಡಿ. ಕಪ್ಪು ಬಿಳುಪು ಇದ್ದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಹಳದಿಯಾದ ಕಲೆಗಳನ್ನು ಆಮೇಲೆ ಬೇರ್ಪಡಿಸಿ ತೆಗೆಯಲು ಸುಲಭ. ಗಾಜಿಗೆ ಅಂಟಿಹೋದ ಫೋಟೊ ಕೀಳಲು ಹೋಗಬೇಡಿ, ಗಾಜಿನ ಸಮೇತ ಸ್ಕ್ಯಾನರ್ ಮೇಲಿಡಿ. ಹಿಂದೆ ಹೆಸರು, ಇಸವಿ ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಆ ಕೈಬರಹ ಗುರುತಿಸುವವರು ಮನೆಯಲ್ಲಿ ಇರುವಾಗಲೇ ಯಾರ್ಯಾರು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಹೊಸದು ಹಾಕಿದ ಮೇಲೆ ಹಳೆಯದನ್ನು ಎಸೆಯಬೇಡಿ.

ಇದೇ ಪ್ರಿಂಟರ್‌ನಲ್ಲಿ ಮಗ್ ಮೇಲೆ ಹಾಕುವ ಫೋಟೊ ಪ್ರಿಂಟ್ ಮಾಡಬಹುದಾ?

ಮಗ್‌ಗೆ ಸಬ್ಲಿಮೇಷನ್ ಇಂಕು, ಅಂದರೆ ಶಾಖ ಕೊಟ್ಟು ಮಗ್‌ಗೆ ಇಳಿಸುವ ಇಂಕು ಬೇಕು. ಅದಕ್ಕೆ ಬೇರೆ ಪ್ರಿಂಟರ್ ಇಟ್ಟುಕೊಳ್ಳಿ. ಫೋಟೊ ಇಂಕು ತೆಗೆದು ಅದನ್ನು ತುಂಬಿದರೆ ಫೋಟೊ, ಮಗ್ ಎರಡೂ ಕೆಡುತ್ತವೆ.

ಮಂಡ್ಯದಿಂದ ಮೈಸೂರಿಗೆ ಮನೆ ಬದಲಿಸುತ್ತಿದ್ದೇವೆ. ಟ್ಯಾಂಕ್ ಪ್ರಿಂಟರ್ ಸಾಗಿಸುವುದು ಹೇಗೆ?

ಗುಂಡಿಯಲ್ಲಿ ಆಫ್ ಮಾಡಿ. ಟ್ಯಾಂಕ್ ಮುಚ್ಚಳಗಳನ್ನು ಬಿಗಿ ಮಾಡಿ. ನಿಮ್ಮ ಮಾದರಿಯಲ್ಲಿ ಸಾಗಣೆಗೆ ಅಂತ ಬೀಗದ ತಿರುಗಣೆ ಇದ್ದರೆ ಅದನ್ನು ಟ್ರಾನ್ಸ್‌ಪೋರ್ಟ್ ಕಡೆ ತಿರುಗಿಸಿ. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ಮಟ್ಟಸವಾಗಿ ಕಾರಿನ ಸೀಟಿನ ಕೆಳಗೆ ಕಾಲಿಡುವ ಜಾಗದಲ್ಲಿ ಇಡಿ. ಲಾರಿಗೆ ಹಾಸಿಗೆ, ಬೀರು ಜೊತೆ ಹಾಕಬೇಡಿ. ಓರೆ ಮಾಡಿದರೆ ಇಂಕು ಚೆಲ್ಲುತ್ತದೆ, ಕೊಳವೆಯೊಳಗೆ ಗಾಳಿ ಸೇರುತ್ತದೆ. ಹೊಸ ಮನೆಯಲ್ಲಿ ಇಟ್ಟ ಮೇಲೆ ಕೆಲವು ಗಂಟೆ ಹಾಗೇ ಬಿಟ್ಟು, ತಿರುಗಣೆ ಮತ್ತೆ ಪ್ರಿಂಟ್ ಕಡೆ ತಿರುಗಿಸಿ, ನಾಜಲ್ ಚೆಕ್ ಕೊಡಿ.